ಊರ ಕೊಪ್ಪರಿಗೆ ಮತ್ತು ನಗರದ ಕಾರು

ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಒಂದು ಪದ್ಧತಿಯಿತ್ತು. ಕೆಲವೆಡೆ ಅದು ಇಂದಿಗೂ ಉಳಿದುಬಂದಿದೆ. ಮದುವೆ, ಮುಂಜಿ, ಜಾತ್ರೆಗಳಿಗೆ ಬೇಕಾಗುವ ದೊಡ್ಡ ಪಾತ್ರೆಗಳನ್ನು ಯಾರೂ ತಮ್ಮ ತಮ್ಮ ಮನೆಗೆಂದು ಕೊಳ್ಳುತ್ತಿರಲಿಲ್ಲ. ಐನೂರು ಮಂದಿಗೆ ಅನ್ನ ಬೇಯಿಸುವ ಕೊಪ್ಪರಿಗೆ, ನೀರು ಕಾಯಿಸುವ ಹಂಡೆ, ಮೊಳಗಟ್ಟಲೆ ಉದ್ದದ ಸೌಟು, ಪಂಕ್ತಿಗೆ ಹಾಸುವ ಜಮಖಾನ ಇವೆಲ್ಲ ಊರ ದೇವಸ್ಥಾನದ ಉಗ್ರಾಣದಲ್ಲಿ ಇರುತ್ತಿದ್ದವು. ಬೇಕಾದವರು ಹೇಳಿ ಒಯ್ಯುತ್ತಿದ್ದರು. ಕಾರ್ಯ ಮುಗಿದ ಮೇಲೆ ಹುಣಸೆಹಣ್ಣಿನಿಂದ ಬೆಳಗಿ, ಒರೆಸಿ, ಮರಳಿ ಒಪ್ಪಿಸುತ್ತಿದ್ದರು. ಬೆಳಗದೆ ತಂದುಕೊಟ್ಟವನಿಗೆ ಊರಿನಲ್ಲಿ ಒಳ್ಳೆಯ ಮಾತು ಕೇಳಿಬರುತ್ತಿರಲಿಲ್ಲ. ಹತ್ತು ವರ್ಷಕ್ಕೊಮ್ಮೆ ಮಗಳ ಮದುವೆ ಮಾಡುವ ಗೃಹಸ್ಥನು ಅದಕ್ಕಾಗಿ ಒಂದು ಕೊಪ್ಪರಿಗೆಯನ್ನು ಕೊಂಡು ನಡುಮನೆಯಲ್ಲಿ ಇಟ್ಟುಕೊಂಡಿದ್ದರೆ ಊರವರು ಅವನನ್ನು ಸಿರಿವಂತನೆಂದು ಕರೆಯುತ್ತಿದ್ದರೋ ಇಲ್ಲವೋ, ವಿವೇಕಿಯೆಂದಂತೂ ಕರೆಯುತ್ತಿರಲಿಲ್ಲ.

ಪಟ್ಟಣಗಳಲ್ಲಿ ಇದೇ ವಿವೇಕ ಬೇರೊಂದು ರೂಪದಲ್ಲಿತ್ತು. ಅಲ್ಲಿ ಬೀದಿಗೊಂದು ಬಾಡಿಗೆ ಸೈಕಲ್ ಅಂಗಡಿ ಇರುತ್ತಿತ್ತು. ಸೈಕಲ್ಲಿನ ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರು. ಅಂಗಡಿಯವನ ಮೇಜಿನ ಮೇಲೆ ಒಂದು ಹಳೆಯ ಪುಸ್ತಕ. ಒಯ್ದವನ ಹೆಸರು, ಹೊರಟ ಗಂಟೆ, ಹಿಂದಿರುಗಿದ ಗಂಟೆ ಇಷ್ಟನ್ನು ಅದರಲ್ಲಿ ಗುರುತುಮಾಡಿದರೆ ವ್ಯವಹಾರ ಮುಗಿಯಿತು. ಗುಮಾಸ್ತನು ಕಚೇರಿಯ ಕಾಗದ ಮುಟ್ಟಿಸಲು ಒಂದು ಗಂಟೆಗೆ ಒಯ್ಯುತ್ತಿದ್ದನು. ಬಾಲಕನು ಕೂಡಿಟ್ಟ ಚಿಲ್ಲರೆ ಕೊಟ್ಟು ಅರ್ಧ ಗಂಟೆಗೆ ಪುಟ್ಟ ಸೈಕಲನ್ನು ಒಯ್ದು, ಮೊಣಕಾಲು ತರಚಿಸಿಕೊಂಡು, ಸವಾರಿ ಕಲಿಯುತ್ತಿದ್ದನು. ಹೀಗೆ ಒಂದು ಸೈಕಲ್ ದಿನಕ್ಕೆ ಹತ್ತು ಮಂದಿಯ ಸೈಕಲ್ ಆಗುತ್ತಿತ್ತು. ಇಂದಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಅಂತಹ ಅಂಗಡಿಯನ್ನು ಕಂಡಿರಲಾರರು. ಅವರ ಅಜ್ಜಂದಿರನ್ನು ಕೇಳಿದರೆ ಅಂಗಡಿ ಇದ್ದ ಜಾಗವನ್ನೂ ತೋರಿಸಿಯಾರು.

ಕೊಪ್ಪರಿಗೆಯ ವಿಷಯದಲ್ಲಿಯೂ ಸೈಕಲ್ಲಿನ ವಿಷಯದಲ್ಲಿಯೂ ಇಷ್ಟು ಸುಲಭವಾಗಿ ಒಪ್ಪಿಗೆಯಾದ ಮಾತು ಕಾರಿನ ವಿಷಯಕ್ಕೆ ಬಂದಾಗ ಒಪ್ಪಿಗೆಯಾಗುವುದಿಲ್ಲ. ನಗರದಲ್ಲಿ ನೆಲೆನಿಂತು ನಾಲ್ಕು ಕಾಸು ಸಂಪಾದಿಸಿದವನಿಗೆ ತನ್ನದೇ ಕಾರು ಬೇಕೆನಿಸುತ್ತದೆ. ಬೇಕೆನಿಸುವುದು ತಪ್ಪೆಂದು ಹೇಳಲಾಗದು. ಆದರೆ ಆ ಕಾರು ತನ್ನ ಆಯುಷ್ಯವನ್ನು ಹೇಗೆ ಕಳೆಯುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ವಾಹನ ನಿಲುಗಡೆಯ ವಿಷಯವನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ಅಮೆರಿಕದ ವಿದ್ವಾಂಸ ಡೊನಾಲ್ಡ್ ಶೂಪ್ 2005ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಸಾಮಾನ್ಯ ಕಾರೊಂದು ನೂರಕ್ಕೆ 95ರಷ್ಟು ಕಾಲ ಸುಮ್ಮನೆ ನಿಂತಿರುತ್ತದೆ ಎಂಬುದು ಅವರ ಲೆಕ್ಕ. ದಿನದ 24 ಗಂಟೆಗಳಲ್ಲಿ ಅದು ಓಡುವುದು ಸುಮಾರು 1 ಗಂಟೆ 12 ನಿಮಿಷ. ಮಿಕ್ಕ ಕಾಲವೆಲ್ಲ ಮನೆಯ ಮುಂದೆ, ಕಚೇರಿಯ ಮುಂದೆ, ಅಂಗಡಿಯ ಮುಂದೆ ಅದರ ವಾಸ. ಆಗಾಗ ಒಲೆಯೇರುವ ಕೊಪ್ಪರಿಗೆಯಾದರೂ ಉಗ್ರಾಣದ ಮೂಲೆಯಲ್ಲಿ ಒಂದರ ಮೇಲೊಂದು ಕುಳಿತುಕೊಳ್ಳುತ್ತದೆ. ಕಾರಿಗೆ ಆ ಸೌಜನ್ಯವಿಲ್ಲ.

ಒಂದು ಕಾರು ನಿಲ್ಲಲು, ಅದರ ಬಾಗಿಲು ತೆರೆಯಲು ಬೇಕಾಗುವ ಜಾಗ ಸುಮಾರು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದ. ಅಂದರೆ ಸುಮಾರು 135 ಚದರಡಿ. ಬೆಂಗಳೂರಿನಲ್ಲಿ ಮಧ್ಯಮ ವರ್ಗದವನ ಕನಸು ಎನಿಸಿದ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಇದು ಒಂಬತ್ತರಲ್ಲಿ ಒಂದು ಭಾಗ. ಒಂದು ಮಗು ಕುಳಿತು ಓದುವ, ಮಲಗುವ ಕೋಣೆಗೆ ಇಷ್ಟು ಜಾಗ ಸಾಕು. ನಿವೇಶನದಲ್ಲಿ ಚದರಡಿಗೆ ಸಾವಿರಾರು ರೂಪಾಯಿ ಕೊಟ್ಟು ಕೊಂಡ ನೆಲವನ್ನು ಕಾರಿಗೆ ಬಿಟ್ಟುಕೊಡಲು ಮನಸ್ಸು ಬಾರದ ಯಜಮಾನನು ಕಾರನ್ನು ಬೀದಿಯಲ್ಲಿ ನಿಲ್ಲಿಸುತ್ತಾನೆ. ಬೀದಿ ಯಾರದು? ಎಲ್ಲರದು. ಎಲ್ಲರದಾದ ನೆಲವನ್ನು ಒಬ್ಬನು ಬಾಡಿಗೆಯಿಲ್ಲದೆ ಹಗಲಿರುಳು ಬಳಸಿಕೊಳ್ಳುತ್ತಾನೆ. ಮತ್ತು ಅದನ್ನು ಯಾರೂ ಒತ್ತುವರಿಯೆಂದು ಕರೆಯುವುದಿಲ್ಲ.

ಅದರ ನಷ್ಟವನ್ನು ಎಲ್ಲರಿಗಿಂತ ಮೊದಲು ಅನುಭವಿಸಿದವರು ಮಕ್ಕಳು. 30 ಅಡಿಯ ಬೀದಿಯ ಎರಡು ಬದಿಗೂ ಕಾರುಗಳು ನಿಂತರೆ ನಡುವೆ ಉಳಿಯುವುದು ಹದಿನಾರು ಹದಿನೆಂಟು ಅಡಿ. ಅಲ್ಲಿ ಬರುವ ಹೋಗುವ ವಾಹನಗಳ ನಡುವೆ ಲಗೋರಿಯ ಕಲ್ಲು ಜೋಡಿಸುವುದೆಲ್ಲಿ? ಕುಂಟಾಬಿಲ್ಲೆಯ ಮನೆ ಬರೆಯುವುದೆಲ್ಲಿ? ಕ್ರಿಕೆಟ್ ಆಡುವ ಹುಡುಗನು ಚೆಂಡು ಯಾರ ಕಾರಿನ ಗಾಜಿಗೆ ತಗಲುವುದೋ ಎಂಬ ಅಂಜಿಕೆಯಿಂದ ಬ್ಯಾಟನ್ನು ಮೆಲ್ಲನೆ ಬೀಸುತ್ತಾನೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿಯಿಡುವ ಗೃಹಿಣಿ ಪಕ್ಕದ ಮನೆಯವರ ಕಾರಿನ ಗಾಲಿಯ ಅಂಚಿನಲ್ಲಿ ಅದನ್ನು ಮೊಟಕುಗೊಳಿಸುತ್ತಾಳೆ. ವೃದ್ಧರು ಕಾಲುದಾರಿಯನ್ನು ಬಿಟ್ಟು ರಸ್ತೆಯ ನಡುವೆ ನಡೆಯುತ್ತಾರೆ. ಕಾಲುದಾರಿಯ ಮೇಲೆಯೂ ಕಾರೇ ಏರಿ ನಿಂತಿರುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಈಗ ಒಂದು ಕೋಟಿಯನ್ನು ಮೀರಿದೆ. ಅವುಗಳಲ್ಲಿ ದ್ವಿಚಕ್ರ ವಾಹನಗಳೇ ಹೆಚ್ಚು, ನಿಜ. ಆದರೆ ಜಾಗವನ್ನು ತಿನ್ನುವುದರಲ್ಲಿ ಕಾರಿಗೆ ಸಮನಾದುದು ಮತ್ತೊಂದಿಲ್ಲ. ವಿದ್ಯುತ್ತಿನಿಂದ ಓಡುವ ಕಾರು ಹೊಗೆಯನ್ನು ಉಗುಳುವುದಿಲ್ಲವೆಂಬುದು ಸಂತೋಷದ ಸಂಗತಿಯೇ. ಆದರೆ ಅದು ನಿಲ್ಲುವುದಕ್ಕೂ ಅಷ್ಟೇ ಜಾಗ ಬೇಕು.

ಈ ಇಕ್ಕಟ್ಟಿನಿಂದ ಪಾರಾಗಲು ಜಗತ್ತಿನ ಕೆಲವು ನಗರಗಳವರು ಕಂಡುಕೊಂಡ ದಾರಿಗಳಲ್ಲಿ ಒಂದು, ಕಾರನ್ನು ಊರ ಕೊಪ್ಪರಿಗೆಯಂತೆ ಬಳಸುವುದು. ಇದನ್ನು ಕಾರ್ ಷೇರಿಂಗ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಹಂಚುಬಳಕೆ ಎನ್ನಬಹುದು. ಇದು ಟ್ಯಾಕ್ಸಿಯಲ್ಲ, ಇಲ್ಲಿ ಚಾಲಕನಿಲ್ಲ, ಬಳಸುವವನೇ ನಡೆಸಬೇಕು. ಒಂದೇ ದಿಕ್ಕಿಗೆ ಹೋಗುವ ನಾಲ್ವರು ಒಬ್ಬನ ಕಾರಿನಲ್ಲಿ ಒಟ್ಟಿಗೆ ಕುಳಿತು ಹೋಗುವ ಏರ್ಪಾಡೂ ಅಲ್ಲ. ಒಂದು ಕಾರು ಹಲವು ಕುಟುಂಬಗಳಿಗೆ ಸೇರಿದ್ದು, ಈಗ ಒಬ್ಬರು, ಇನ್ನೊಂದು ಗಂಟೆಗೆ ಮತ್ತೊಬ್ಬರು, ತಮಗೆ ಬೇಕಾದಷ್ಟು ಕಾಲ ಮಾತ್ರ ಅದನ್ನು ಬಳಸಿ ಅದಕ್ಕೆ ತಕ್ಕ ಹಣ ತೆರುವ ವ್ಯವಸ್ಥೆ ಇದು. ಬಾಡಿಗೆ ಸೈಕಲ್ ಅಂಗಡಿಯ ಹಳೆಯ ಪುಸ್ತಕವನ್ನು ಇಲ್ಲಿ ಕಂಪ್ಯೂಟರ್ ಬರೆಯುತ್ತದೆ, ಅಷ್ಟೇ.

ಇದರ ಮೂಲವನ್ನು ಹುಡುಕುತ್ತ ಹೋದರೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ಬಂದು ನಿಲ್ಲಬೇಕಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದು ಮೂರು ವರ್ಷಗಳಾಗಿದ್ದವು. 1948ರಲ್ಲಿ ಅಲ್ಲಿನ ಗೃಹನಿರ್ಮಾಣ ಸಹಕಾರ ಸಂಘವೊಂದರ ನಿವಾಸಿಗಳು ಸೇರಿ ಕಾರನ್ನು ಒಟ್ಟಾಗಿ ಬಳಸಲು ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡರು. ಪರಿಸರ ರಕ್ಷಣೆಯ ಮಾತು ಅವರ ಬಾಯಲ್ಲಿ ಇರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಕಾರು ಕೊಳ್ಳುವ ಶಕ್ತಿ ಇರಲಿಲ್ಲ. ಆದುದರಿಂದ ಕೂಡಿ ಕೊಂಡರು. ಒಳ್ಳೆಯ ಪದ್ಧತಿಗಳು ಎಷ್ಟೋ ಸಲ ಹೀಗೆ ಬಡತನದ ಹೊಟ್ಟೆಯಲ್ಲಿ ಹುಟ್ಟುತ್ತವೆ.

ಅದರ ಅನಂತರ ನಡೆದ ಪ್ರಯತ್ನಗಳಲ್ಲಿ ಆಮ್ಸ್ಟರ್‌ಡ್ಯಾಮ್ ನಗರದ್ದು ಸ್ವಾರಸ್ಯವಾದುದು. ಅಲ್ಲಿನ ಲೂಡ್ ಸ್ಖಿಮ್ಮೆಲ್‌ಪೆನ್ನಿಂಕ್ ಎಂಬ ಚಿಂತಕರು 1965ರಲ್ಲಿ ಬಿಳಿಯ ಬಣ್ಣ ಬಳಿದ ಸೈಕಲ್ಲುಗಳನ್ನು ಬೀಗ ಹಾಕದೆ ಬೀದಿಯಲ್ಲಿ ಬಿಟ್ಟು, ಯಾರು ಬೇಕಾದರೂ ಬಳಸಲಿ ಎಂಬ ಯೋಜನೆಯನ್ನು ಮುಂದಿಟ್ಟಿದ್ದರು. ಬೀಗವಿಲ್ಲದ ಸೈಕಲ್ಲನ್ನು ಬೀದಿಯಲ್ಲಿ ಬಿಡುವುದು ನಿಯಮಕ್ಕೆ ವಿರುದ್ಧವೆಂದು ಪೊಲೀಸರು ಅವುಗಳನ್ನು ಎತ್ತಿಕೊಂಡು ಹೋದರು. ಅವರು ಎದೆಗುಂದಲಿಲ್ಲ. 1974ರಲ್ಲಿ ಇಬ್ಬರು ಕುಳಿತುಕೊಳ್ಳಬಹುದಾದ, ಮೂರು ಗಾಲಿಗಳ, ವಿದ್ಯುತ್ತಿನಿಂದ ಓಡುವ ಪುಟ್ಟ ಬಿಳಿಯ ಬಂಡಿಗಳನ್ನು ರಸ್ತೆಗೆ ಇಳಿಸಿದರು. ಒಂದು ನಿಲ್ದಾಣದಲ್ಲಿ ಹತ್ತಿ ಮತ್ತೊಂದು ನಿಲ್ದಾಣದಲ್ಲಿ ಬಿಡುವ ಏರ್ಪಾಡು. ಆದರೆ ಊರಿನ ತುಂಬ ನಿಲ್ದಾಣಗಳಾಗಬೇಕೆಂಬ ಕನಸು ಈಡೇರಲಿಲ್ಲ. ಬೆರಳೆಣಿಕೆಯಷ್ಟು ನಿಲ್ದಾಣಗಳು, ಮೂವತ್ತೈದರಷ್ಟು ಬಂಡಿಗಳು, ಇಷ್ಟಕ್ಕೇ ನಿಂತುಹೋಗಿ 1980ರ ದಶಕದಲ್ಲಿ ಆ ಸಾಹಸ ಕೊನೆಗೊಂಡಿತು. ನಗರಾಡಳಿತದ ಬೆಂಬಲವಿಲ್ಲದೆ ಇಂತಹ ಕಾರ್ಯ ಬೇರೂರುವುದು ಕಷ್ಟ ಎಂಬುದಕ್ಕೆ ಆ ಬಿಳಿಯ ಬಂಡಿ ಸಾಕ್ಷಿ.

ಬೇರೂರಿದ್ದು ಮತ್ತೆ ಸ್ವಿಟ್ಜರ್ಲೆಂಡಿನಲ್ಲಿಯೇ. 1987ರಲ್ಲಿ ಅಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಣ್ಣ ಸಹಕಾರ ಸಂಘಗಳು ಹುಟ್ಟಿದವು. ನೆರೆಹೊರೆಯ ಕೆಲವೇ ಮಂದಿ ಕೂಡಿ ಮಾಡಿಕೊಂಡ ಏರ್ಪಾಡುಗಳು ಅವು. ಹತ್ತು ವರ್ಷಗಳಲ್ಲಿ ಎರಡೂ ಬೆಳೆದವು. 1997ರಲ್ಲಿ ಒಂದಾಗಿ ಮೊಬಿಲಿಟಿ ಎಂಬ ಹೆಸರಿನ ಸಹಕಾರ ಸಂಸ್ಥೆಯಾದವು. ಇಂದು ಆ ದೇಶದಾದ್ಯಂತ ಅದಕ್ಕೆ ಸುಮಾರು 3,000 ವಾಹನಗಳಿವೆ. ಅವು ನಿಲ್ಲುವ ತಾಣಗಳು ಸುಮಾರು 1,500. ಅವುಗಳ ಕೆಂಪು ಬಣ್ಣವನ್ನು ಅಲ್ಲಿ ಮಕ್ಕಳೂ ಗುರುತಿಸಬಲ್ಲರು. ಸಹಕಾರ ಎಂಬುದು ಕನ್ನಡಿಗರಿಗೆ ಅಪರಿಚಿತ ವಿಷಯವಲ್ಲ. 1905ರಲ್ಲಿಯೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಕರ ಸಹಕಾರ ಸಂಘವನ್ನು ಕಟ್ಟಿದರು. ಹಾಲು, ಸಾಲ, ಗೊಬ್ಬರ, ನಿವೇಶನ ಇಷ್ಟಕ್ಕೆಲ್ಲ ಸಹಕಾರ ಸಂಘಗಳನ್ನು ಮಾಡಿಕೊಂಡ ನಾಡಿಗೆ ಕಾರಿಗೊಂದು ಸಂಘವೆಂದರೆ ನಗು ಬರಬೇಕಾಗಿಲ್ಲ.

ಸ್ವಿಟ್ಜರ್ಲೆಂಡಿನ ಸದಸ್ಯನು ಕಾರನ್ನು ಬಳಸುವ ರೀತಿಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಅವನು ನಿತ್ಯದ ಕೆಲಸಕ್ಕೆ ರೈಲಿನಲ್ಲೋ ಟ್ರಾಮಿನಲ್ಲೋ ಹೋಗುತ್ತಾನೆ. ಒಂದು ಶನಿವಾರ ಬೆಟ್ಟದ ಮೇಲಿನ ಹಳ್ಳಿಯಲ್ಲಿರುವ ವೃದ್ಧ ತಾಯಿಯನ್ನು ನೋಡಲು ಹೋಗಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ತಾಯಿಯ ಊರಿಗೆ ಹತ್ತಿರದ ಪಟ್ಟಣದವರೆಗೆ ರೈಲು. ಆ ರೈಲು ನಿಲ್ದಾಣದ ಹೊರಗೆಯೇ ಕೆಂಪು ಕಾರು ನಿಂತಿರುತ್ತದೆ. ಅದನ್ನು ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ತನಗೆ ಬೇಕೆಂದು ಮೊದಲೇ ಕಾದಿರಿಸಿರುತ್ತಾನೆ. ಹಂಚುಬಳಕೆಯ ಆರಂಭದ ದಿನಗಳಲ್ಲಿ ಕೀಲಿಗಳನ್ನು ನಿಲ್ದಾಣದ ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಓಡಿದ ದೂರವನ್ನು ಕಾರಿನಲ್ಲಿಟ್ಟ ಪುಸ್ತಕದಲ್ಲಿ ಬರೆಯುತ್ತಿದ್ದರು. ಈಗ ಕಾರ್ಡನ್ನೋ ಮೊಬೈಲನ್ನೋ ತೋರಿಸಿದರೆ ಬಾಗಿಲು ತೆರೆಯುತ್ತದೆ. ಬಳಸಿದ ಗಂಟೆಗೆ ಇಷ್ಟು, ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಶುಲ್ಕ. ಇಂಧನದ ಬೆಲೆ ಅದರಲ್ಲಿಯೇ ಸೇರಿದೆ. ವಿಮೆ, ದುರಸ್ತಿ, ತೆರಿಗೆ ಯಾವುದರ ಗೊಡವೆಯೂ ಸದಸ್ಯನಿಗಿಲ್ಲ. ಹೇಳಿದ ಗಂಟೆಗೆ ಹೇಳಿದ ಜಾಗಕ್ಕೆ ತಂದು ನಿಲ್ಲಿಸಬೇಕು. ಏಕೆಂದರೆ ಮುಂದಿನವನು ಕಾಯುತ್ತಿರಬಹುದು.

ಈ ಶುಲ್ಕದ ರೀತಿಯಲ್ಲಿ ಒಂದು ಗುಟ್ಟು ಅಡಗಿದೆ. ಹಂಚುಬಳಕೆಯ ಗುಣವೆಲ್ಲ ಬಹುಮಟ್ಟಿಗೆ ಅಲ್ಲಿಯೇ ಇದೆ. ಭಾರತದ ಒಂದು ನಗರದಲ್ಲಿ ಒಬ್ಬ ಗೃಹಸ್ಥನು 8 ಲಕ್ಷ ರೂಪಾಯಿ ಕೊಟ್ಟು ಕಾರನ್ನು ಕೊಂಡನೆಂದು ಊಹಿಸಬಹುದು. ಹತ್ತು ವರ್ಷ ಬಳಸಿ 2 ಲಕ್ಷಕ್ಕೆ ಮಾರಿದರೆ ಅವನು ಕಳೆದುಕೊಂಡದ್ದು 6 ಲಕ್ಷ. ಅಂದರೆ ವರ್ಷಕ್ಕೆ 60,000. ವಿಮೆ, ದುರಸ್ತಿ, ಟಯರು, ಬ್ಯಾಟರಿ ಎಂದು ವರ್ಷಕ್ಕೆ 40,000 ಹಿಡಿದರೆ ಒಟ್ಟು ಒಂದು ಲಕ್ಷ. ಒಂದು ತೊಟ್ಟು ಪೆಟ್ರೋಲು ಉರಿಯುವ ಮೊದಲೇ, ಗಾಲಿ ಒಂದು ಸುತ್ತು ತಿರುಗುವ ಮೊದಲೇ, ಆ ಕಾರಿಗೆ ದಿನಕ್ಕೆ ಸುಮಾರು 270 ರೂಪಾಯಿ ಖರ್ಚಾಗುತ್ತದೆ. ಸಾಲ ಮಾಡಿ ಕೊಂಡಿದ್ದರೆ ಬಡ್ಡಿ ಬೇರೆ. ಆದರೆ ಈ ಹಣವೆಲ್ಲ ಮೊದಲೇ ಕೈಬಿಟ್ಟು ಹೋಗಿರುವುದರಿಂದ ಗೃಹಸ್ಥನ ಕಣ್ಣಿಗೆ ಅದು ಕಾಣಿಸುವುದಿಲ್ಲ. ಅವನಿಗೆ ಕಾಣುವುದು ಪೆಟ್ರೋಲಿನ ಬೆಲೆ ಮಾತ್ರ. ಬೀದಿಯ ಕೊನೆಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಕಾರಿನಲ್ಲಿ ಹೋದರೆ ಐದಾರು ರೂಪಾಯಿ ಆಗಬಹುದು ಎಂದು ಅವನು ಭಾವಿಸುತ್ತಾನೆ. ಇಷ್ಟು ದುಡ್ಡು ಹಾಕಿ ಕೊಂಡ ಮೇಲೆ ಬಳಸದೆ ಇದ್ದರೆ ಹೇಗೆ ಎಂದೂ ಅವನಿಗೆ ತೋರುತ್ತದೆ. ಹೀಗೆ ಕಾರನ್ನು ಕೊಂಡವನನ್ನು ಕಾರು ಕೊಂಡುಬಿಡುತ್ತದೆ. ಹಂಚುಬಳಕೆಯ ಸದಸ್ಯನಿಗಾದರೋ ಪ್ರತಿ ಗಂಟೆಯ ಪೂರ್ತಿ ಬೆಲೆ ಕಣ್ಣ ಮುಂದೆ ನಿಲ್ಲುತ್ತದೆ. ಕೊತ್ತಂಬರಿ ಸೊಪ್ಪಿಗೆ ಅವನು ನಡೆದೇ ಹೋಗುತ್ತಾನೆ. ಯಾರ ಉಪದೇಶದಿಂದಲೂ ಅಲ್ಲ, ತನ್ನ ಜೇಬಿನ ಉಪದೇಶದಿಂದ.

ಹಾಗೆಂದು ಹಂಚಿಕೊಂಡದ್ದೆಲ್ಲ ಸೊಗಸಾಗಿ ನಡೆಯುತ್ತದೆಂದು ತಿಳಿಯಬಾರದು. ಪ್ಯಾರಿಸ್ ನಗರದಲ್ಲಿ 2011ರ ಡಿಸೆಂಬರಿನಲ್ಲಿ ಆಟೋಲಿಬ್ ಎಂಬ ಹೆಸರಿನಿಂದ ವಿದ್ಯುತ್ ಕಾರುಗಳ ಹಂಚುಬಳಕೆ ಆರಂಭವಾಯಿತು. ಒಂದು ಬೀದಿಯಲ್ಲಿ ಹತ್ತಿ ಇನ್ನೊಂದು ಬೀದಿಯಲ್ಲಿ ಬಿಡಬಹುದಾಗಿತ್ತು. ಲಕ್ಷಕ್ಕೂ ಮಿಕ್ಕಿ ಜನ ಸೇರಿದರು. ಸಾವಿರಾರು ಕಾರುಗಳು ಓಡಿದವು. ಆದರೆ ದಿನ ಕಳೆದಂತೆ ಕಾರುಗಳ ಒಳಗಿನ ಕೊಳೆ, ಮುರಿದ ಭಾಗಗಳು, ಹಿಂದಿನವನು ಬಿಟ್ಟುಹೋದ ಕಸ ಇವುಗಳ ಬಗ್ಗೆ ದೂರುಗಳು ಹೆಚ್ಚಿದವು. ಇತ್ತ ನಷ್ಟ ಕೋಟಿ ಕೋಟಿ ಯೂರೋಗಳಿಗೆ ಏರಿತು. ಅದನ್ನು ಯಾರು ತುಂಬಬೇಕೆಂಬ ಬಗ್ಗೆ ನಡೆಸುವ ಕಂಪನಿಗೂ ಸ್ಥಳೀಯ ಆಡಳಿತಗಳಿಗೂ ಜಗಳವಾಯಿತು. 2018ರ ಜುಲೈ ಕೊನೆಗೆ ಅದು ಮುಚ್ಚಿಹೋಯಿತು. ಅದರ ಪತನಕ್ಕೆ ಹಣದ ಲೆಕ್ಕಾಚಾರವೇ ಮುಖ್ಯ ಕಾರಣವಿರಬಹುದು. ಆದರೂ ಬೆಳಗದೆ ಹಿಂದಿರುಗಿಸಿದ ಕೊಪ್ಪರಿಗೆಯ ನೆನಪು ಅಲ್ಲಿ ಬಾರದಿರದು. ಹಳ್ಳಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಗೊತ್ತು. ಮಹಾನಗರದಲ್ಲಿ ಹಿಂದಿನವನು ಯಾರೋ, ಮುಂದಿನವನು ಯಾರೋ. ಸಣ್ಣ ಸಣ್ಣ ತಾಣಗಳಲ್ಲಿ, ಒಂದೇ ಬಡಾವಣೆಯವರು, ಒಂದೇ ಕಾರನ್ನು ಮತ್ತೆ ಮತ್ತೆ ಬಳಸಿ, ಹೊರಟ ಜಾಗಕ್ಕೇ ತಂದು ನಿಲ್ಲಿಸುವ ಪದ್ಧತಿ ಹೆಚ್ಚು ಬಾಳಿಕೆ ಬರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ರಸ್ತೆಯ ಮೇಲೆ ಓಡುತ್ತಿರುವಾಗ ಹಂಚಿಕೊಂಡ ಕಾರು ಹಿಡಿಯುವ ಜಾಗ, ಸ್ವಂತ ಕಾರು ಹಿಡಿಯುವಷ್ಟೇ. ಬಸ್ಸಿನಲ್ಲಿ ಹೋಗುತ್ತಿದ್ದವನನ್ನು ಹಂಚುಕಾರಿಗೆ ಎಳೆದುಕೊಂಡು ಬಂದರೆ ನಗರಕ್ಕೆ ಅದರಿಂದ ಲಾಭವಿಲ್ಲ, ನಷ್ಟವೇ. ಕೊಪ್ಪರಿಗೆಯನ್ನು ಊರಿಗೆ ಬಿಟ್ಟುಕೊಟ್ಟ ಗೃಹಿಣಿಯ ಅಡುಗೆಮನೆಯಲ್ಲಿ ನಿತ್ಯದ ಅನ್ನಕ್ಕೆ ಒಂದು ತಪ್ಪಲೆ ಇದ್ದೇ ಇರುತ್ತಿತ್ತು. ಅದಿಲ್ಲದೆ ದಿನವೂ ಉಗ್ರಾಣಕ್ಕೆ ಓಡಲು ಸಾಧ್ಯವೇ? ನಗರವಾಸಿಗೆ ಆ ತಪ್ಪಲೆಯೆಂದರೆ ಬಸ್ಸು, ಮೆಟ್ರೋ, ನಡೆಯಬಹುದಾದ ಕಾಲುದಾರಿ. ಜ್ಯೂರಿಕ್‌ನವನು ಕಾರಿಲ್ಲದೆ ಇರಬಲ್ಲನೆಂದರೆ ಅವನ ವೈರಾಗ್ಯವೇನೂ ದೊಡ್ಡದಲ್ಲ. ಅವನ ಮನೆಯ ಬಳಿ ನಿಮಿಷಗಳ ಅಂತರದಲ್ಲಿ ಟ್ರಾಮು ಬರುತ್ತದೆ.

ಜರ್ಮನಿಯ ಬ್ರೆಮೆನ್ ನಗರದವರು ಇದನ್ನು ಚೆನ್ನಾಗಿ ಅರಿತರು. ಹಳೆಯ ಬಡಾವಣೆಗಳ ಕಿರಿದಾದ ಬೀದಿಗಳಲ್ಲಿ ಮೂಲೆ ಮೂಲೆಗೂ ಕಾರುಗಳು ನಿಂತು ಕಸದ ಲಾರಿಯೂ ಅಗ್ನಿಶಾಮಕ ವಾಹನವೂ ತಿರುಗಲಾರದ ಸ್ಥಿತಿ ಅಲ್ಲಿಯೂ ಇತ್ತು. 2003ರಿಂದ ನಗರಾಡಳಿತವೇ ಬೀದಿಯಲ್ಲಿ ಹಂಚುಕಾರುಗಳಿಗೆಂದು ತಾಣಗಳನ್ನು ಗುರುತಿಸಿಕೊಟ್ಟಿತು. ಬಸ್ಸು, ಟ್ರಾಮುಗಳು ಹತ್ತಿರವಿರುವ ಕಡೆ, ಸೈಕಲ್ ನಿಲ್ಲಿಸಲು ಕಂಬಿಗಳ ಜೊತೆಗೆ. 2009ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟು, 2020ರ ಹೊತ್ತಿಗೆ 20,000 ಮಂದಿ ಹಂಚುಬಳಕೆಗೆ ಬರಬೇಕೆಂಬ ಗುರಿಯನ್ನು ಹಾಕಿಕೊಂಡಿತು. ಬೀದಿಯ ಜಾಗವನ್ನು ಹೀಗೆ ಕಾದಿರಿಸಲು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಜರ್ಮನಿಯಲ್ಲಿ 2017ರಲ್ಲಿ ಜಾರಿಗೆ ಬಂತು. ಜಪಾನಿನವರ ದಾರಿ ಬೇರೆ. ಅಲ್ಲಿ 1962ರ ಕಾನೂನಿನ ಪ್ರಕಾರ ನಗರಗಳಲ್ಲಿ ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ಬೀದಿಯ ಹೊರಗೆ ತನಗೆ ಜಾಗವಿದೆ ಎಂದು ತೋರಿಸಬೇಕು. ಜಾಗಕ್ಕೆ ಬೆಲೆಯಿರುವ ಕಡೆ ಜನರಿಗೆ ಕಾರನ್ನು ಹಂಚಿಕೊಳ್ಳುವ ಬುದ್ಧಿ ತಾನಾಗಿಯೇ ಹುಟ್ಟುತ್ತದೆ.

ಬೆಂಗಳೂರಿನ ಸ್ಥಿತಿಯೇನು? 2013ರಲ್ಲಿ ಇಲ್ಲಿ ಝೂಮ್‌ಕಾರ್ ಎಂಬ ಸಂಸ್ಥೆ ಸ್ವತಃ ನಡೆಸಿಕೊಂಡು ಹೋಗುವ ಕಾರುಗಳನ್ನು ಗಂಟೆಯ ಲೆಕ್ಕದಲ್ಲಿ ಕೊಡಲು ಆರಂಭಿಸಿತು. ಬೇರೆ ಸಂಸ್ಥೆಗಳೂ ಬಂದವು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳ ನಂಬರು ಕಂಡರೆ ಅದು ಹೀಗೆ ಬಾಡಿಗೆಗೆ ಕೊಡುವ ಕಾರು ಎಂದು ತಿಳಿಯಬಹುದು. ಆದರೆ ವಾರದ ಕೊನೆಗೆ ಗೆಳೆಯರೊಡನೆ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗಿಬರಲು ಅವು ಒದಗುವಷ್ಟು, ಬಡಾವಣೆಯ ನಿತ್ಯಜೀವನದಲ್ಲಿ ಸ್ವಂತ ಕಾರಿನ ಸ್ಥಾನವನ್ನು ತುಂಬಲು ಒದಗಿಲ್ಲ. ತುಂಬಬೇಕಾದರೆ ಮನೆಯಿಂದ ಐದು ನಿಮಿಷ ನಡೆದರೆ ಸಿಗುವ ಕಡೆ ಅವು ನಿಂತಿರಬೇಕು. 2011ರಲ್ಲಿ ಮೆಟ್ರೋ ಬಂದ ಮೇಲೆ ಊರಿನ ದೂರ ದೂರದ ಭಾಗಗಳು ಹತ್ತಿರವಾಗಿವೆ. ಅದರ ನಿಲ್ದಾಣಗಳ ಬಳಿ ಇಂತಹ ಹತ್ತು ಕಾರುಗಳಿಗೆ ಜಾಗ ಮೀಸಲಿಡುವುದು ಅಸಾಧ್ಯವಾದ ಕೆಲಸವಲ್ಲ. ನೂರಾರು ಮನೆಗಳ ವಸತಿ ಸಮುಚ್ಚಯಗಳಲ್ಲಿ ಇದು ಇನ್ನೂ ಸುಲಭ. ಅಲ್ಲಿ ಈಜುಕೊಳವನ್ನೂ ವ್ಯಾಯಾಮಶಾಲೆಯನ್ನೂ ಎಲ್ಲರೂ ಹಂಚಿಕೊಂಡಿದ್ದಾರೆ. ನೆಲಮಾಳಿಗೆಯಲ್ಲಿ ಮಾತ್ರ ಒಬ್ಬೊಬ್ಬರದೂ ಬೇರೆ ಬೇರೆ ಕಾರು ಧೂಳು ಹೊದ್ದು ಮಲಗಿರುತ್ತದೆ.

ನಡುರಾತ್ರಿಯಲ್ಲಿ ಮನೆಯವರಿಗೆ ಕಾಯಿಲೆಯಾದರೆ ಏನು ಗತಿ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. 2008ರಿಂದ ಕರ್ನಾಟಕದಲ್ಲಿ 108ಕ್ಕೆ ಕರೆಮಾಡಿದರೆ ಆಂಬ್ಯುಲೆನ್ಸ್ ಕಳುಹಿಸುವ ವ್ಯವಸ್ಥೆಯಿದೆ, ಟ್ಯಾಕ್ಸಿಗಳಿವೆ, ನೆರೆಯವರಿದ್ದಾರೆ. ಆದರೂ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಬೇಕಾದ ರೋಗಿಯಿರುವ ಮನೆಗೆ, ನಡೆಯಲಾರದವರಿರುವ ಮನೆಗೆ, ಬಸ್ಸೇ ಬಾರದ ಊರಂಚಿನ ಮನೆಗೆ ಸ್ವಂತ ಕಾರು ಬೇಡವೆನ್ನುವುದು ನಿರ್ದಯತೆಯಾದೀತು. ಅಂತಹವರ ಕಾರಿಗೆ ಬೀದಿಯಲ್ಲಿ ಜಾಗವಿರಲೆಂದೇ ಮಿಕ್ಕವರ ಕಾರುಗಳು ಕಡಮೆಯಾಗಬೇಕು.

ಎರಡನೆಯ ಆಕ್ಷೇಪ ಬಾಯಿಂದ ಹೊರಬರುವುದು ಅಪರೂಪ. ಬಂದರೆ ಅದಕ್ಕೇ ಉತ್ತರ ಹೇಳುವುದು ಕಷ್ಟ. ಕಾರು ಪ್ರಯಾಣದ ಸಾಧನವಷ್ಟೇ ಆಗಿ ಉಳಿದಿಲ್ಲ, ಅಂತಸ್ತಿನ ಗುರುತಾಗಿದೆ. ವರನ ಮನೆಯವರು ಬರುವಾಗ ಬಾಗಿಲಲ್ಲಿ ಕಾರು ನಿಂತಿರಬೇಕು. ಹಳ್ಳಿಯಿಂದ ಬಂದ ಬಂಧುಗಳಿಗೆ ಮಗನು ನಗರದಲ್ಲಿ ಗೆದ್ದಿದ್ದಾನೆಂದು ತಿಳಿಯಬೇಕು. ತಲೆಮಾರುಗಳ ಕಾಲ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋದ ಮನೆತನದಲ್ಲಿ ಮೊದಲ ಬಾರಿಗೆ ಕಾರು ಕೊಂಡವನ ಸಂತೋಷವನ್ನು ಕಂಡು ಹಂಗಿಸುವುದು ತರವಲ್ಲ. ಎರಡು ಕಾರುಗಳನ್ನಿಟ್ಟುಕೊಂಡು ಅವನಿಗೆ ಪರಿಸರದ ಪಾಠ ಹೇಳುವವರನ್ನು ಹಂಗಿಸಿದರೆ ತಪ್ಪಿಲ್ಲ. ಹಂಚುಬಳಕೆಯ ಕರೆ ಸಲ್ಲಬೇಕಾದುದು ಮೊದಲು ಎರಡನೆಯ ಕಾರನ್ನು ಕೊಳ್ಳಹೊರಟವನಿಗೆ. ಅನಂತರ, ಮೊದಲನೆಯದು ಹಳತಾಗಿ ಮಾರುವ ಹೊತ್ತಿನಲ್ಲಿ ಹೊಸದು ಬೇಕೇ ಎಂದು ಯೋಚಿಸುತ್ತಿರುವವನಿಗೆ.

ಇಂದು ಒಂಬತ್ತನೆಯ ತರಗತಿಯಲ್ಲಿರುವ ವಿದ್ಯಾರ್ಥಿಗೆ ಕಾರು ನಡೆಸುವ ಪರವಾನಗಿ ದೊರೆಯಲು ಇನ್ನೂ ಮೂರು ನಾಲ್ಕು ವರ್ಷಗಳಿವೆ. ಅಷ್ಟರಲ್ಲಿ ಅವನು ಅಥವಾ ಅವಳು ತಮ್ಮ ಬೀದಿಯಲ್ಲಿ ಒಂದು ಸಣ್ಣ ಲೆಕ್ಕ ಮಾಡಬಹುದು. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿಂತ ಕಾರುಗಳನ್ನು ಎಣಿಸಿ, ಕದಲದೆ ನಿಂತವುಗಳೆಷ್ಟು ಎಂದು ಬರೆದುಕೊಳ್ಳಬೇಕು. ಆ ಸಂಖ್ಯೆಯನ್ನು 135 ಚದರಡಿಯಿಂದ ಗುಣಿಸಿದರೆ ಎಷ್ಟು ದೊಡ್ಡ ಆಟದ ಬಯಲು ಆ ಬೀದಿಯಲ್ಲಿ ಕಾರುಗಳ ಕೆಳಗೆ ಮುಚ್ಚಿಹೋಗಿದೆ ಎಂಬುದು ತಿಳಿಯುತ್ತದೆ.